ಕಿಡ್ನಿ ಕಾಯಿಲೆಯಲ್ಲಿ ಬಿಡದೆ ಕಾಡುವ ಸುಸ್ತು: ರಕ್ತ ಯಾಕೆ ಕಡಿಮೆಯಾಗುತ್ತದೆ, ಏನು ಮಾಡಬಹುದು

ಒಣಗಿದ ಬಟ್ಟೆ ಮಡಚುವುದು ದೊಡ್ಡ ಕೆಲಸವೇನಲ್ಲ. ಒಂದು ಮಧ್ಯಾಹ್ನ ನಮ್ಮ ಚಿಕ್ಕಮ್ಮ ಬಟ್ಟೆ ಮಡಚುತ್ತಿದ್ದರು, ನಾನು ಪಕ್ಕದಲ್ಲೇ ಕೂತಿದ್ದೆ. ಒಂದು ಟವೆಲ್ ಮಡಚಿದರು. ಕೈಯನ್ನು ತೊಡೆಯ ಮೇಲಿಟ್ಟು ಒಂದು ನಿಮಿಷ ಸುಮ್ನೆ ಕೂತರು. ಇನ್ನೊಂದು ಎತ್ತಿಕೊಂಡರು. ಮತ್ತೆ ಕೂತರು. ನಾಲ್ಕನೆಯ ಟವೆಲ್‌ಗೆ ಉಸಿರು ಜೋರಾಯಿತು. "ಏನಿಲ್ಲ ಕಣೋ, ವಯಸ್ಸಾಯ್ತಲ್ಲ" ಅಂದರು. ಅವರಿಗೆ ಆಗ 54. ಕಿಡ್ನಿ ಸರಿಯಿಲ್ಲ ಅಂತ ಮೂರು ವರ್ಷದಿಂದ ಗೊತ್ತಿತ್ತು. ಆದರೆ ಕಿಡ್ನಿಗೂ ಈ ಸುಸ್ತಿಗೂ ಸಂಬಂಧ ಇರಬಹುದು ಅಂತ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ, ನನಗೂ ಸೇರಿ. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 8.1 ಇತ್ತು.

ಕಿಡ್ನಿ ಕಾಯಿಲೆ ಇರುವವರಲ್ಲಿ ಈ ಸುಸ್ತು ತುಂಬಾ ಸಾಮಾನ್ಯ. ರಾತ್ರಿ ಮಲಗಿ ಎದ್ದರೆ ಹೋಗುವ ದಣಿವು ಇದಲ್ಲ. ಬೆಳಗ್ಗೆ ಹಾಸಿಗೆಯಿಂದ ಏಳುವಾಗಲೇ ಮೈ ಭಾರ. ಮೆಟ್ಟಿಲ ಅರ್ಧಕ್ಕೇ ನಿಂತು ಕಂಬಿ ಹಿಡಿದುಕೊಳ್ಳಬೇಕು. ಓದಿದ್ದು ತಲೆಗೆ ಹತ್ತುವುದಿಲ್ಲ. ಚಳಿ ಇಲ್ಲದಿದ್ದರೂ ಕೈಕಾಲು ತಣ್ಣಗೆ. ಇದು ನಿಧಾನವಾಗಿ ಬರುವುದರಿಂದ ಜನ ಅದಕ್ಕೆ ಹೊಂದಿಕೊಂಡುಬಿಡುತ್ತಾರೆ. ಡಾಕ್ಟರ್ ಕೇಳಿದರೂ "ಪರವಾಗಿಲ್ಲ, ಚೆನ್ನಾಗಿದ್ದೀನಿ" ಅನ್ನುತ್ತಾರೆ. ಈ ಲೇಖನ ಬರೆಯಲು ಅದೇ ಕಾರಣ. ಈ ಸುಸ್ತಿನ ಹಿಂದೆ ಹುಡುಕಿದರೆ ಸಿಗುವಂಥ ಕಾರಣಗಳಿವೆ. ಅವುಗಳಲ್ಲಿ ಹಲವಕ್ಕೆ ಚಿಕಿತ್ಸೆಯೂ ಇದೆ.

ಕಿಡ್ನಿಗೂ ರಕ್ತಕ್ಕೂ ಏನು ಸಂಬಂಧ?

ಕಿಡ್ನಿ ಅಂದರೆ ರಕ್ತ ಸೋಸಿ ಮೂತ್ರ ಮಾಡುವ ಅಂಗ ಅಂತಷ್ಟೇ ನಾವು ಕಲಿತಿರುತ್ತೇವೆ. ಅದಕ್ಕೆ ಇನ್ನೊಂದು ಕೆಲಸವೂ ಇದೆ. ತನಗೆ ಸಿಗುತ್ತಿರುವ ಆಮ್ಲಜನಕ ಸಾಕಾಗುತ್ತಿದೆಯಾ ಅಂತ ಅದು ಸದಾ ನೋಡಿಕೊಳ್ಳುತ್ತಿರುತ್ತದೆ. ಕಡಿಮೆಯಾದರೆ ಒಂದು ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಅದರ ಹೆಸರು ಎರಿತ್ರೋಪೊಯೆಟಿನ್, ಚಿಕ್ಕದಾಗಿ ಇಪಿಒ. ಈ ಇಪಿಒ ಮೂಳೆಯೊಳಗಿನ ಮಜ್ಜೆಗೆ ಹೋಗಿ ಕೆಂಪು ರಕ್ತಕಣ ಹೆಚ್ಚಾಗಿ ತಯಾರಾಗುವಂತೆ ಮಾಡುತ್ತದೆ. ದೊಡ್ಡವರ ದೇಹದಲ್ಲಿ ಶೇಕಡಾ 90ರಷ್ಟು ಇಪಿಒ ಬರುವುದು ಕಿಡ್ನಿಯಿಂದಲೇ. ಉಳಿದ ಸ್ವಲ್ಪ ಲಿವರ್‌ನಿಂದ.

ಕಿಡ್ನಿ ಹಾಳಾಗುತ್ತಾ ಹೋದಂತೆ ಈ ಹಾರ್ಮೋನೂ ಇಳಿಯುತ್ತದೆ. ಮಜ್ಜೆಗೆ ಕೆಲಸ ಮಾಡುವ ಶಕ್ತಿ ಇರುತ್ತದೆ, ಮಾಡು ಅಂತ ಹೇಳುವವರು ಇರುವುದಿಲ್ಲ. ಕಿಡ್ನಿಯ ಶಕ್ತಿ ಅಳೆಯುವ ಇಜಿಎಫ್‌ಆರ್ ಅನ್ನುವ ಲೆಕ್ಕ ನಿಮ್ಮ ರಿಪೋರ್ಟ್‌ನಲ್ಲಿ ಇರುತ್ತದೆ. ಅದು 60ಕ್ಕಿಂತ ಕೆಳಗೆ ಬಂದಾಗಿನಿಂದ ರಕ್ತಹೀನತೆ ಶುರುವಾಗಬಹುದು. 30ಕ್ಕಿಂತ ಕೆಳಗಿಳಿದರೆ ಅದು ಇನ್ನೂ ಜಾಸ್ತಿ ಜನರಲ್ಲಿ ಕಾಣುತ್ತದೆ.

ತಯಾರಿಕೆ ಕಡಿಮೆಯಾಗುವುದು ಒಂದು ಕಡೆ. ಇರುವ ಕಣಗಳೂ ಬೇಗ ಸಾಯುತ್ತವೆ. ಆರೋಗ್ಯವಂತರಲ್ಲಿ ಒಂದು ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ. ಕಿಡ್ನಿ ಕೆಟ್ಟವರಲ್ಲಿ ಅದರ ಆಯಸ್ಸು ಇದಕ್ಕಿಂತ ಕಡಿಮೆ. ಡಯಾಲಿಸಿಸ್, ಅಂದರೆ ಯಂತ್ರದಿಂದ ರಕ್ತ ಸೋಸುವ ಚಿಕಿತ್ಸೆ, ಮಾಡಿಸಿಕೊಳ್ಳುವವರಿಗೆ ಪ್ರತಿ ಸಲವೂ ಕೊಳವೆ ಮತ್ತು ಫಿಲ್ಟರ್‌ನಲ್ಲಿ ಸ್ವಲ್ಪ ರಕ್ತ ಉಳಿದುಹೋಗುತ್ತದೆ. ಪರೀಕ್ಷೆಗೆ ತೆಗೆಯುವ ರಕ್ತ ಬೇರೆ. ಒಂದೊಂದು ಸಲಕ್ಕೆ ಏನೂ ಅನಿಸುವುದಿಲ್ಲ, ವರ್ಷಕ್ಕೆ ಲೆಕ್ಕ ಹಾಕಿದರೆ ಅದರ ಜೊತೆ ಹೋಗುವ ಕಬ್ಬಿಣವೇ ಒಂದೆರಡು ಗ್ರಾಂ ಆಗಬಹುದು. ಇಡೀ ದೇಹದಲ್ಲಿ ಇರುವ ಕಬ್ಬಿಣವೇ ಮೂರ್ನಾಲ್ಕು ಗ್ರಾಂ ಅಂದರೆ ಈ ನಷ್ಟ ಎಷ್ಟು ದೊಡ್ಡದು ಅಂತ ಅರ್ಥವಾಗುತ್ತದೆ.

ಉಗ್ರಾಣದಲ್ಲಿ ಇದೆ, ಕೈಗೆ ಸಿಗುವುದಿಲ್ಲ

ರಕ್ತ ಕಡಿಮೆ ಅಂದ ತಕ್ಷಣ ಎಲ್ಲರೂ ಮೊದಲು ಹೇಳುವುದು ಕಬ್ಬಿಣದ ಮಾತ್ರೆ. ಚಿಕ್ಕಮ್ಮನೂ ಯಾರೋ ಹೇಳಿದರು ಅಂತ ಎರಡು ತಿಂಗಳು ತಾವಾಗಿಯೇ ನುಂಗಿದ್ದರು. ಹೊಟ್ಟೆ ಕಟ್ಟಿಕೊಂಡಿತು, ಮಲ ಕಪ್ಪಗಾಯಿತು, ಹಿಮೋಗ್ಲೋಬಿನ್ ಮಾತ್ರ ಇದ್ದಲ್ಲೇ ಇತ್ತು. ಎಷ್ಟೋ ಜನರ ಅನುಭವ ಇದೇ. ಯಾಕೆ ಹೀಗಾಗುತ್ತದೆ ಅಂತ ಸ್ವಲ್ಪ ನಿಧಾನವಾಗಿ ನೋಡೋಣ, ಯಾಕಂದರೆ ಗೊಂದಲ ಜಾಸ್ತಿ ಇರುವುದು ಇಲ್ಲೇ.

ದೇಹದ ಕಬ್ಬಿಣಕ್ಕೆ ಒಂದು ಉಗ್ರಾಣ ಇದೆ ಅಂದುಕೊಳ್ಳಿ. ಲಿವರ್ ಮತ್ತು ಕೆಲವು ರಕ್ಷಣಾ ಕಣಗಳಲ್ಲಿ ಕಬ್ಬಿಣ ಕೂಡಿಟ್ಟಿರುತ್ತದೆ. ಮಜ್ಜೆಗೆ ಬೇಕಾದಾಗ ಅಲ್ಲಿಂದ ಹೊರಬರಬೇಕು. ಊಟದ ಕಬ್ಬಿಣ ಕರುಳಿನಿಂದ ರಕ್ತಕ್ಕೆ ಬರಬೇಕು. ಎರಡೂ ಕಡೆ ಇರುವುದು ಒಂದೇ ಬಗೆಯ ಬಾಗಿಲು. ಆ ಬಾಗಿಲಿಗೆ ಬೀಗ ಹಾಕುವ ಹಾರ್ಮೋನಿನ ಹೆಸರು ಹೆಪ್ಸಿಡಿನ್. ಲಿವರ್ ಅದನ್ನು ಮಾಡುತ್ತದೆ. ಸೋಂಕು ಬಂದಾಗ ಕಬ್ಬಿಣ ರೋಗಾಣುಗಳ ಪಾಲಾಗದಂತೆ ಬೀಗ ಹಾಕುವುದು ದೇಹಕ್ಕೆ ಒಳ್ಳೆಯದೇ. ಆದರೆ ಕಿಡ್ನಿ ಕಾಯಿಲೆಯಲ್ಲಿ ಒಳಗೊಳಗೇ ಸಣ್ಣ ಉರಿಯೂತ ಸದಾ ಇರುತ್ತದೆ, ಅದರಿಂದ ಹೆಪ್ಸಿಡಿನ್ ಹೆಚ್ಚು ತಯಾರಾಗುತ್ತದೆ. ಜೊತೆಗೆ ಹೆಪ್ಸಿಡಿನ್ ಹೊರಹೋಗಬೇಕಾದದ್ದು ಕಿಡ್ನಿಯ ದಾರಿಯಲ್ಲಿ. ಆ ದಾರಿಯೇ ಕಟ್ಟಿದೆ. ಹಾಗಾಗಿ ಬೀಗ ಬಿದ್ದದ್ದು ತೆರೆಯುವುದೇ ಇಲ್ಲ. ನುಂಗಿದ ಮಾತ್ರೆಯ ಕಬ್ಬಿಣ ಕರುಳನ್ನು ದಾಟುವುದಿಲ್ಲ, ಉಗ್ರಾಣದಲ್ಲಿ ಇರುವುದು ಹೊರಗೆ ಬರುವುದಿಲ್ಲ.

ಇದನ್ನು ತಿಳಿದುಕೊಂಡರೆ ರಿಪೋರ್ಟ್ ಓದುವುದು ಸುಲಭವಾಗುತ್ತದೆ. ಫೆರಿಟಿನ್ ಅನ್ನುವುದು ಉಗ್ರಾಣದಲ್ಲಿ ಎಷ್ಟಿದೆ ಅಂತ ಹೇಳುತ್ತದೆ. ಟಿಸ್ಯಾಟ್, ಅಂದರೆ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್, ರಕ್ತದಲ್ಲಿ ಓಡಾಡುತ್ತಾ ಮಜ್ಜೆಗೆ ಸಿಗುವಂತಿರುವ ಕಬ್ಬಿಣ ಎಷ್ಟು ಅಂತ ಹೇಳುತ್ತದೆ. ಚಿಕ್ಕಮ್ಮನ ಫೆರಿಟಿನ್ 340, ಟಿಸ್ಯಾಟ್ ಶೇಕಡಾ 14. ಫೆರಿಟಿನ್ ಒಂದನ್ನೇ ನೋಡಿದ್ದರೆ ಕಬ್ಬಿಣ ಬೇಕಾದಷ್ಟಿದೆ ಅಂತ ಬಿಟ್ಟುಬಿಡಬಹುದಿತ್ತು. ಟಿಸ್ಯಾಟ್ 20ಕ್ಕಿಂತ ಕಡಿಮೆ ಇರುವುದು ಮಜ್ಜೆಗೆ ಕಬ್ಬಿಣ ಸಾಲುತ್ತಿಲ್ಲ ಅನ್ನುವುದರ ಗುರುತು. ಉರಿಯೂತ ಇದ್ದಾಗ ಫೆರಿಟಿನ್ ತಾನಾಗಿಯೇ ಏರುತ್ತದೆ ಅನ್ನುವುದೂ ನೆನಪಿರಲಿ. ಅದಕ್ಕೇ ಈ ಎರಡೂ ಪರೀಕ್ಷೆ ಒಟ್ಟಿಗೆ ಆಗಬೇಕು. ನಿಮ್ಮ ರಿಪೋರ್ಟ್‌ನಲ್ಲಿ ಒಂದೇ ಇದ್ದರೆ ಇನ್ನೊಂದನ್ನು ಕೇಳಿ ಮಾಡಿಸಿಕೊಳ್ಳಿ, ಸಂಕೋಚ ಬೇಡ.

ಹಿಮೋಗ್ಲೋಬಿನ್ ಗಂಡಸರಲ್ಲಿ 13ಕ್ಕಿಂತ, ಹೆಂಗಸರಲ್ಲಿ 12ಕ್ಕಿಂತ ಕಡಿಮೆ ಇದ್ದರೆ ಅದನ್ನು ರಕ್ತಹೀನತೆ ಅನ್ನುತ್ತಾರೆ. ಲೆಕ್ಕ ಒಂದು ಡೆಸಿಲೀಟರ್ ರಕ್ತಕ್ಕೆ ಇಷ್ಟು ಗ್ರಾಂ ಅಂತ. ರಕ್ತಹೀನತೆ ಇಲ್ಲದಿದ್ದರೂ ಕಿಡ್ನಿ ಕಾಯಿಲೆಯ ಮೂರನೇ ಹಂತದಲ್ಲಿ (ಇಜಿಎಫ್‌ಆರ್ 30ರಿಂದ 59) ವರ್ಷಕ್ಕೆ ಒಮ್ಮೆಯಾದರೂ, ನಾಲ್ಕು ಮತ್ತು ಐದನೇ ಹಂತದಲ್ಲಿ (30ಕ್ಕಿಂತ ಕಡಿಮೆ) ವರ್ಷಕ್ಕೆ ಎರಡು ಸಲವಾದರೂ, ಡಯಾಲಿಸಿಸ್‌ನಲ್ಲಿದ್ದರೆ ಮೂರು ತಿಂಗಳಿಗೊಮ್ಮೆಯಾದರೂ ನೋಡಿಸಬೇಕು. ರಕ್ತ ಕಡಿಮೆ ಅಂತ ಗೊತ್ತಾದರೆ ಎಲ್ಲವನ್ನೂ ಕಿಡ್ನಿಯ ತಲೆಗೆ ಕಟ್ಟುವ ಮೊದಲು ಬಿ12, ಫೋಲೇಟ್ ಅನ್ನುವ ವಿಟಮಿನ್‌ಗಳನ್ನು ನೋಡಿಸಬೇಕು. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಬಿ12 ಇಳಿದಿರುವುದುಂಟು. ಹೊಟ್ಟೆಯಲ್ಲೋ ಕರುಳಲ್ಲೋ ರಕ್ತ ಸೋರುತ್ತಿರಬಹುದು. ಹೆಂಗಸರಲ್ಲಿ ಮುಟ್ಟಿನ ರಕ್ತಸ್ರಾವ ಜಾಸ್ತಿ ಇರಬಹುದು. ಇದನ್ನು ಬಾಯಿಬಿಟ್ಟು ಹೇಳಲು ಎಷ್ಟೋ ಜನ ನಾಚುತ್ತಾರೆ, ಆದರೆ ಡಾಕ್ಟರ್‌ಗೆ ಇದು ಗೊತ್ತಾಗಲೇಬೇಕು.

ಚಿಕಿತ್ಸೆ ಹೇಗೆ ನಡೆಯುತ್ತದೆ

ಸಾಮಾನ್ಯವಾಗಿ ಕಬ್ಬಿಣವನ್ನು ಮೊದಲು ಸರಿಮಾಡುತ್ತಾರೆ. ಕಾಯಿಲೆ ಇನ್ನೂ ಮುಂದುವರಿಯದವರಿಗೆ ಮಾತ್ರೆ ಕೊಟ್ಟು ನೋಡಬಹುದು, ಕೆಲವರಿಗೆ ಅದೇ ಸಾಕಾಗುತ್ತದೆ. ಮಾತ್ರೆ ತೆಗೆದುಕೊಳ್ಳುವಾಗ ಸಮಯ ಮುಖ್ಯ. ಟೀ, ಕಾಫಿ, ಕ್ಯಾಲ್ಸಿಯಂ ಮಾತ್ರೆ, ಆಸಿಡಿಟಿ ಮಾತ್ರೆ ಇವೆಲ್ಲ ಕಬ್ಬಿಣ ಮೈಗೆ ಹತ್ತದಂತೆ ಮಾಡುತ್ತವೆ. ಯಾವುದನ್ನು ಯಾವಾಗ ತೆಗೆದುಕೊಳ್ಳಬೇಕು ಅಂತ ಒಂದು ಸಲ ಕೇಳಿ ಬರೆದಿಟ್ಟುಕೊಳ್ಳಿ. ಮಾತ್ರೆ ಕೆಲಸ ಮಾಡದಿದ್ದರೆ, ಅಥವಾ ಡಯಾಲಿಸಿಸ್‌ನಲ್ಲಿದ್ದರೆ, ಕಬ್ಬಿಣವನ್ನು ನೇರವಾಗಿ ರಕ್ತನಾಳಕ್ಕೆ ಡ್ರಿಪ್ ಮೂಲಕ ಕೊಡುತ್ತಾರೆ. ಕರುಳಿನ ಬಾಗಿಲು ಮುಚ್ಚಿದ್ದರೂ ಹೀಗೆ ಒಳಗೆ ಹೋಗುತ್ತದೆ. ಜ್ವರ ಅಥವಾ ಜೋರು ಸೋಂಕು ಇದ್ದಾಗ ಇದನ್ನು ಮುಂದೂಡುತ್ತಾರೆ. ಅಪರೂಪಕ್ಕೆ ಅಲರ್ಜಿ ಆಗುವುದರಿಂದ ಕೊಟ್ಟಾದ ಮೇಲೆ ಸ್ವಲ್ಪ ಹೊತ್ತು ಅಲ್ಲೇ ಕೂರಿಸುತ್ತಾರೆ.

ಕಬ್ಬಿಣ ಸರಿಯಾದ ಮೇಲೂ ಹಿಮೋಗ್ಲೋಬಿನ್ ಏರದಿದ್ದರೆ, ಕಿಡ್ನಿ ಮಾಡಬೇಕಾಗಿದ್ದ ಹಾರ್ಮೋನನ್ನೇ ಇಂಜೆಕ್ಷನ್ ರೂಪದಲ್ಲಿ ಕೊಡುತ್ತಾರೆ. ಈ ಇಂಜೆಕ್ಷನ್ ಹಿಂದಿನ ಕಥೆ ನನಗೆ ಬಹಳ ಇಷ್ಟ. 1977ರಲ್ಲಿ ಯೂಜೀನ್ ಗೋಲ್ಡ್‌ವಾಸರ್ ಮತ್ತು ತಕಾಜಿ ಮಿಯಾಕೆ ಮನುಷ್ಯರ ಇಪಿಒವನ್ನು ಶುದ್ಧವಾಗಿ ಬೇರ್ಪಡಿಸಿದರು. ಅದಕ್ಕಾಗಿ ತೀವ್ರ ರಕ್ತಹೀನತೆ ಇದ್ದ ರೋಗಿಗಳ ಮೂತ್ರ 2,550 ಲೀಟರ್ ಬೇಕಾಯಿತು. ಅಷ್ಟರಿಂದ ಸಿಕ್ಕಿದ್ದು ಕೆಲವೇ ಮಿಲಿಗ್ರಾಂ. 1985ರ ಹೊತ್ತಿಗೆ ಆ ಹಾರ್ಮೋನಿನ ಜೀನ್ ಕೈಗೆ ಸಿಕ್ಕಿತು, ಲ್ಯಾಬ್‌ನಲ್ಲೇ ತಯಾರಿಸುವುದು ಸಾಧ್ಯವಾಯಿತು. 1989ರಲ್ಲಿ ಅಮೆರಿಕದಲ್ಲಿ ಔಷಧಿಯಾಗಿ ಒಪ್ಪಿಗೆ ಸಿಕ್ಕಿತು. ಅದಕ್ಕೂ ಮೊದಲು ಡಯಾಲಿಸಿಸ್ ರೋಗಿಗಳು ಮತ್ತೆ ಮತ್ತೆ ರಕ್ತ ಹಾಕಿಸಿಕೊಂಡು ದಿನ ದೂಡಬೇಕಿತ್ತು.

ಇಂಜೆಕ್ಷನ್ ಹಾಕಿಸಿಕೊಂಡ ಮಾರನೇ ದಿನವೇ ಹುಮ್ಮಸ್ಸು ಬರುವುದಿಲ್ಲ. ಹೊಸ ಕಣ ತಯಾರಾಗಿ ಹೊರಬರಬೇಕಲ್ವಾ? ಹಿಮೋಗ್ಲೋಬಿನ್ ಏರಲು ಎರಡರಿಂದ ಆರು ವಾರ ಬೇಕು. "ಎರಡು ಇಂಜೆಕ್ಷನ್ ಆಯ್ತು, ಏನೂ ಆಗ್ಲಿಲ್ಲ" ಅಂತ ಚಿಕ್ಕಮ್ಮ ಬಿಡಲು ಹೊರಟಿದ್ದರು. ಬಿಡಬೇಡಿ. ಮನೆಯಲ್ಲಿ ಇಟ್ಟುಕೊಳ್ಳುವುದಾದರೆ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿ ಒಳಗೆ ಇಡಬೇಕು. ಹೆಪ್ಪುಗಟ್ಟಬಾರದು, ಸಿರಿಂಜನ್ನು ಕುಲುಕಬಾರದು. ಇದರಿಂದ ಬಿಪಿ ಏರಬಹುದು, ಅದಕ್ಕೇ ಬಿಪಿ ನೋಡಿಸುವುದನ್ನು ತಪ್ಪಿಸುವಂತಿಲ್ಲ. ಹಿಂದೆ ಸ್ಟ್ರೋಕ್ ಅಥವಾ ಕ್ಯಾನ್ಸರ್ ಆಗಿದ್ದರೆ ಮೊದಲೇ ಹೇಳಿ. ಅಂಥವರಿಗೆ ಈ ಔಷಧಿಯನ್ನು ಬಹಳ ಯೋಚಿಸಿ ಕೊಡುತ್ತಾರೆ.

ಇನ್ನೊಂದು ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಹಿಮೋಗ್ಲೋಬಿನ್ 14ಕ್ಕೆ ಏರಿಸಿಬಿಟ್ಟರೆ ಪೂರ್ತಿ ಚೆನ್ನಾಗಿರುತ್ತೇವಲ್ಲ, 11ಕ್ಕೇ ಯಾಕೆ ನಿಲ್ಲಿಸುತ್ತಾರೆ? ಡಾಕ್ಟರ್‌ಗಳೂ ಒಂದು ಕಾಲದಲ್ಲಿ ಹಾಗೇ ಅಂದುಕೊಂಡಿದ್ದರು. 2006ರಲ್ಲಿ ಪ್ರಕಟವಾದ ಚಾಯರ್ ಅನ್ನುವ ಅಧ್ಯಯನದಲ್ಲಿ ಒಂದು ಗುಂಪಿಗೆ 13.5ರ ಗುರಿ, ಇನ್ನೊಂದಕ್ಕೆ 11.3ರ ಗುರಿ ಇಟ್ಟರು. ಹೆಚ್ಚಿನ ಗುರಿ ಇದ್ದವರಲ್ಲೇ ಹೃದಯದ ತೊಂದರೆ ಮತ್ತು ಸಾವು ಜಾಸ್ತಿ ಕಂಡವು. 2009ರ ಟ್ರೀಟ್ ಅಧ್ಯಯನದಲ್ಲಿ 13ರ ಗುರಿ ಇಟ್ಟು ಇಂಜೆಕ್ಷನ್ ಕೊಟ್ಟ ಗುಂಪಿನಲ್ಲಿ ಸ್ಟ್ರೋಕ್ ಸುಮಾರು ಎರಡರಷ್ಟಾಯಿತು. ಅಲ್ಲಿಂದೀಚೆಗೆ ಸಾಮಾನ್ಯವಾಗಿ 10ರಿಂದ 11.5ರ ಆಸುಪಾಸಿನಲ್ಲಿ ನಿಲ್ಲಿಸುತ್ತಾರೆ, ಬೇಕಂತಲೇ 13 ದಾಟಿಸುವುದಿಲ್ಲ. ಹಾಗಾಗಿ ನಿಮ್ಮ ಡಾಕ್ಟರ್ 11ಕ್ಕೆ ಡೋಸ್ ಇಳಿಸಿದರೆ ಅದು ಕಡೆಗಣನೆ ಅಲ್ಲ, ನಿಮ್ಮ ಹೃದಯ ಮತ್ತು ಮೆದುಳಿನ ಕಾಳಜಿ.

ಈಗ ಇಂಜೆಕ್ಷನ್ ಬದಲು ಮಾತ್ರೆಗಳೂ ಬಂದಿವೆ. ರಾಕ್ಸಡುಸ್ಟಾಟ್, ಡಾಪ್ರೊಡುಸ್ಟಾಟ್, ಡೆಸಿಡುಸ್ಟಾಟ್ ಇವು ಅದೇ ಗುಂಪಿನವು. ಆಮ್ಲಜನಕ ಕಡಿಮೆಯಾಗಿದೆ ಅಂತ ದೇಹ ತಿಳಿಯುವ ಬಗೆಯನ್ನು ಕಂಡುಹಿಡಿದದ್ದಕ್ಕೆ ವಿಲಿಯಂ ಕೇಲಿನ್, ಪೀಟರ್ ರ‍್ಯಾಟ್‌ಕ್ಲಿಫ್, ಗ್ರೆಗ್ ಸೆಮೆಂಜಾ ಅವರಿಗೆ 2019ರ ನೊಬೆಲ್ ಬಂತು. ಈ ಮಾತ್ರೆಗಳು ಆ ತಿಳುವಳಿಕೆಯ ಮೇಲೇ ನಿಂತಿವೆ. ಆಮ್ಲಜನಕ ಕಡಿಮೆ ಇದೆ ಅಂತ ದೇಹ ನಂಬುವಂತೆ ಮಾಡಿ ಅದೇ ಇಪಿಒ ತಯಾರಿಸುವಂತೆ ಮಾಡುತ್ತವೆ. ಇವಕ್ಕೂ ರಕ್ತ ಹೆಪ್ಪುಗಟ್ಟುವಂಥ ಅಪಾಯಗಳಿವೆ, ಎಲ್ಲರಿಗೂ ಹೊಂದುವುದಿಲ್ಲ.

ರಕ್ತ ಹಾಕಿಸಿಕೊಳ್ಳುವುದು ತುರ್ತಿಗೆ ಇರುವ ದಾರಿ. ಮುಂದೆ ಕಿಡ್ನಿ ಕಸಿ ಮಾಡಿಸಿಕೊಳ್ಳುವ ಯೋಚನೆ ಇದ್ದರೆ ಇದನ್ನು ಆದಷ್ಟು ತಪ್ಪಿಸುತ್ತಾರೆ. ಬೇರೆಯವರ ರಕ್ತ ಒಳಗೆ ಬಂದಾಗ ದೇಹ ಪ್ರತಿಕಾಯಗಳನ್ನು ಕಟ್ಟಿಕೊಳ್ಳಬಹುದು, ಆಮೇಲೆ ಹೊಂದುವ ಕಿಡ್ನಿ ಸಿಗುವುದು ಕಷ್ಟವಾಗುತ್ತದೆ.

ರಕ್ತ ಏರಿದರೂ ಸುಸ್ತು ಹೋಗದಿದ್ದರೆ

ಐದು ತಿಂಗಳಿಗೆ ಚಿಕ್ಕಮ್ಮನ ಹಿಮೋಗ್ಲೋಬಿನ್ 10.6ಕ್ಕೆ ಬಂತು. ಮೆಟ್ಟಿಲು ಹತ್ತುವಾಗ ನಿಲ್ಲುವುದು ತಪ್ಪಿತು. ಆದರೆ ಮಧ್ಯಾಹ್ನದ ಹೊತ್ತಿಗೆ ಮತ್ತೆ ಮೈ ಸೋತುಬಿಡುತ್ತಿತ್ತು. "ರಿಪೋರ್ಟ್ ಚೆನ್ನಾಗಿದೆಯಲ್ಲ, ಇನ್ನೇನು?" ಅಂತ ಮನೆಯವರು ಕೇಳಿದಾಗ ಅವರ ಮುಖ ಚಿಕ್ಕದಾಯಿತು. ಆ ಮುಖ ನನಗೆ ಇನ್ನೂ ನೆನಪಿದೆ. ರಕ್ತಹೀನತೆ ಸುಸ್ತಿನ ಒಂದು ಕಾರಣ ಅಷ್ಟೇ ಅಂತ ನಮಗೆ ಆಗ ಗೊತ್ತಿರಲಿಲ್ಲ.

ಕೇಳುತ್ತಾ ಹೋದಾಗ ನಿದ್ದೆಯ ವಿಷಯ ಹೊರಬಂತು. ರಾತ್ರಿ ಮಲಗಿದ ಕೂಡಲೇ ಕಾಲೊಳಗೆ ಏನೋ ಹರಿದಂತಾಗುತ್ತದೆ, ಎದ್ದು ಓಡಾಡಿದರೆ ಮಾತ್ರ ಕಡಿಮೆಯಾಗುತ್ತದೆ ಅಂದರು. ಇದಕ್ಕೆ ರೆಸ್ಟ್‌ಲೆಸ್ ಲೆಗ್ಸ್ ಅನ್ನುತ್ತಾರೆ. ಕಿಡ್ನಿ ಕಾಯಿಲೆಯಲ್ಲಿ ಇದು ಸಾಮಾನ್ಯ, ಕಬ್ಬಿಣದ ಕೊರತೆಗೂ ಇದಕ್ಕೂ ನಂಟಿದೆ. ಜೋರಾಗಿ ಗೊರಕೆ ಹೊಡೆದು ಮಧ್ಯೆ ಮಧ್ಯೆ ಉಸಿರು ನಿಲ್ಲುವ ಸ್ಲೀಪ್ ಆಪ್ನಿಯಾ ಕೂಡ ಇವರಲ್ಲಿ ಜಾಸ್ತಿ. ಮೈ ತುರಿಕೆ ಕೆಲವರಿಗೆ ನಿದ್ದೆಯನ್ನೇ ಕೊಡುವುದಿಲ್ಲ. ಪಕ್ಕದಲ್ಲಿ ಮಲಗುವವರನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ.

ನಿದ್ದೆ ಸರಿಯಿದ್ದರೆ ಬೇರೆ ಕಡೆ ನೋಡಬೇಕು. ರಕ್ತದಲ್ಲಿ ಆಮ್ಲ ಹೆಚ್ಚಾಗಿ, ಅದನ್ನು ತಣಿಸುವ ಬೈಕಾರ್ಬನೇಟ್ ಇಳಿದಿದ್ದರೆ ಮಾಂಸಖಂಡ ಸೊರಗುತ್ತದೆ. ಥೈರಾಯ್ಡ್ ಕಡಿಮೆ ಇರಬಹುದು. ಬಿಪಿಗೆ, ತುರಿಕೆಗೆ, ನರದ ನೋವಿಗೆ ಕೊಡುವ ಕೆಲವು ಮಾತ್ರೆಗಳೇ ಮಂಕು ತರುತ್ತವೆ. ಕಿಡ್ನಿ ಸೋತಾಗ ಔಷಧಿ ದೇಹದಲ್ಲಿ ಉಳಿದುಕೊಳ್ಳುವುದರಿಂದ ಡೋಸ್ ಮತ್ತೆ ನೋಡಬೇಕಾಗಬಹುದು. ತಾವಾಗಿಯೇ ನಿಲ್ಲಿಸಬೇಡಿ, ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ತೋರಿಸಿ. ಮನಸ್ಸು ಕುಗ್ಗಿದ್ದರೂ ಮೈ ಏಳುವುದಿಲ್ಲ. ಮೊದಲು ಇಷ್ಟವಾಗುತ್ತಿದ್ದದ್ದು ಯಾವುದೂ ಈಗ ಬೇಡ ಅನಿಸುತ್ತಿದ್ದರೆ ಅದನ್ನೂ ಹೇಳಿ, ಅದಕ್ಕೂ ಚಿಕಿತ್ಸೆ ಇದೆ.

ಡಯಾಲಿಸಿಸ್ ಮಾಡಿಸಿಕೊಳ್ಳುವವರ ಸುಸ್ತು ಇನ್ನೊಂದು ಬಗೆ. ನಾಲ್ಕು ಗಂಟೆ ಮುಗಿಸಿ ಬಂದವರು ಹಾಸಿಗೆಗೆ ಬಿದ್ದರೆ ಕೆಲವು ಸಲ ಮಾರನೇ ದಿನವೇ ಏಳುವುದು. ಎರಡು ಸಲದ ನಡುವೆ ಮೈಯಲ್ಲಿ ನೀರು ಜಾಸ್ತಿ ತುಂಬಿದ್ದರೆ ಅಷ್ಟನ್ನೂ ಕೆಲವೇ ಗಂಟೆಗಳಲ್ಲಿ ತೆಗೆಯಬೇಕಾಗುತ್ತದೆ. ಬಿಪಿ ಕುಸಿಯುತ್ತದೆ, ಸುಸ್ತು ಹೆಚ್ಚುತ್ತದೆ. ಉಪ್ಪು ಕಡಿಮೆ ಮಾಡಿದರೆ ಬಾಯಾರಿಕೆ ಇಳಿಯುತ್ತದೆ, ತೆಗೆಯಬೇಕಾದ ನೀರೂ ಇಳಿಯುತ್ತದೆ. ಸಮಯ ಸ್ವಲ್ಪ ಹೆಚ್ಚಿಸಿ ನಿಧಾನವಾಗಿ ತೆಗೆಯಬಹುದಾ ಅಂತ ಕೇಳುವುದರಲ್ಲಿ ತಪ್ಪೇನಿಲ್ಲ. ಹಿಮೋಡಯಾಲಿಸಿಸ್ ಸಂಶೋಧನೆಗಳಲ್ಲಿ ಯಾವುದನ್ನು ಅಳೆಯಲೇಬೇಕು ಅಂತ ಬೇರೆಬೇರೆ ದೇಶಗಳ ರೋಗಿಗಳು, ಮನೆಯವರು, ಡಾಕ್ಟರ್‌ಗಳು ಒಟ್ಟಾಗಿ ತೀರ್ಮಾನಿಸಿದಾಗ ಆ ಚಿಕ್ಕ ಪಟ್ಟಿಯಲ್ಲಿ ಸುಸ್ತು ಕೂಡ ಸೇರಿತು. ಅಷ್ಟು ದೊಡ್ಡ ವಿಷಯ ಇದು.

ದಿನವನ್ನು ಹೊಂದಿಸಿಕೊಳ್ಳುವುದು

ಚಿಕಿತ್ಸೆ ನಡೆಯುತ್ತಿರುವಾಗಲೂ ದಿನ ಸಾಗಬೇಕಲ್ವಾ. ಜನ ಮಾಡುವ ತಪ್ಪು ಒಂದೇ. ಸ್ವಲ್ಪ ಚೆನ್ನಾಗಿರುವ ದಿನ ಬಾಕಿ ಇದ್ದ ಕೆಲಸವನ್ನೆಲ್ಲ ಮಾಡಿಬಿಡುತ್ತಾರೆ, ಮುಂದಿನ ಎರಡು ದಿನ ಏಳಲು ಆಗುವುದಿಲ್ಲ. ಅದರ ಬದಲು ದಿನದಲ್ಲಿ ಯಾವ ಹೊತ್ತು ಮೈ ಹಗುರ ಇರುತ್ತದೆ ಅಂತ ಒಂದು ವಾರ ಗಮನಿಸಿ. ಮುಖ್ಯವಾದ ಒಂದು ಕೆಲಸವನ್ನು ಆ ಹೊತ್ತಿಗೆ ಇಡಿ. ಪೂರ್ತಿ ಸುಸ್ತಾಗುವ ಮೊದಲೇ ಕೂತುಬಿಡಿ. ಕೂತು ಮಾಡಬಹುದಾದದ್ದನ್ನು ನಿಂತು ಮಾಡಬೇಡಿ. ಹಗಲು ನಿದ್ದೆ ಬೇಕೆನಿಸಿದರೆ ಅರ್ಧ ಗಂಟೆ ಸಾಕು, ಜಾಸ್ತಿಯಾದರೆ ರಾತ್ರಿ ನಿದ್ದೆ ಕೆಡುತ್ತದೆ.

ಸುಸ್ತಿದ್ದಾಗ ನಡೆಯಿರಿ ಅಂದರೆ ಕೋಪ ಬರುತ್ತದೆ, ನನಗೆ ಅರ್ಥವಾಗುತ್ತದೆ. ಆದರೆ ಪೂರ್ತಿ ಮಲಗಿದರೆ ಮಾಂಸಖಂಡ ಇನ್ನೂ ಕರಗಿ, ಅಷ್ಟೇ ಕೆಲಸಕ್ಕೆ ಇನ್ನಷ್ಟು ದಣಿವಾಗುತ್ತದೆ. ಡಾಕ್ಟರ್ ಒಪ್ಪಿದರೆ ದಿನಕ್ಕೆ ಐದು ನಿಮಿಷದ ನಡಿಗೆಯಿಂದ ಶುರುಮಾಡಿ. ಕುರ್ಚಿಯಿಂದ ಕೈ ಊರದೆ ಐದು ಸಲ ಎದ್ದು ಕೂರುವುದೂ ವ್ಯಾಯಾಮವೇ. ವಾರಕ್ಕೆ ಒಂದೆರಡು ನಿಮಿಷ ಸೇರಿಸುತ್ತಾ ಹೋಗಿ.

ಊಟದ ವಿಷಯದಲ್ಲಿ ಎಚ್ಚರ ಬೇಕು. ರಕ್ತ ಹೆಚ್ಚಲಿ ಅಂತ ಬೇರೆಯವರು ಹೇಳುವ ಎಷ್ಟೋ ಪದಾರ್ಥಗಳಲ್ಲಿ ಪೊಟ್ಯಾಸಿಯಂ ಅಥವಾ ರಂಜಕ ಜಾಸ್ತಿ ಇರುತ್ತದೆ. ಕಿಡ್ನಿ ಪೊಟ್ಯಾಸಿಯಂ ಹೊರಹಾಕದಿದ್ದರೆ ಹೃದಯದ ಬಡಿತವೇ ಏರುಪೇರಾಗಬಹುದು. ನಿಮ್ಮ ರಿಪೋರ್ಟ್ ನೋಡಿದ ಡಯಟಿಷಿಯನ್ ಹೇಳಿದ್ದನ್ನು ಮಾತ್ರ ನಂಬಿ. ಒಳಗೆ ಏನಿದೆ ಅಂತ ಗೊತ್ತಿಲ್ಲದ ಟಾನಿಕ್, ಪುಡಿ ಬೇಡವೇ ಬೇಡ. ಮೈಕೈ ನೋವಿಗೆ ಅಂಗಡಿಯಲ್ಲಿ ಕೇಳಿ ತರುವ ಐಬುಪ್ರೊಫೆನ್, ಡೈಕ್ಲೊಫಿನಾಕ್‌ನಂಥ ಮಾತ್ರೆಗಳೂ ಬೇಡ. ಅವು ಕಿಡ್ನಿಗೂ ಏಟು ಕೊಡುತ್ತವೆ, ಹೊಟ್ಟೆಯಲ್ಲಿ ರಕ್ತ ಸೋರುವಂತೆಯೂ ಮಾಡುತ್ತವೆ.

ಕೂತಲ್ಲೇ ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ತಲೆ ಸುತ್ತಿ ಬಿದ್ದರೆ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ. ಮಲ ಟಾರಿನಂತೆ ಕಪ್ಪಗೆ ಅಂಟಂಟಾಗಿ ಹೋದರೂ ಅಷ್ಟೇ. ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ಅಂಟು ಮತ್ತು ಕೆಟ್ಟ ವಾಸನೆ ಇದ್ದರೆ ಅದು ರಕ್ತ ಇರಬಹುದು.

ಮುಂದಿನ ಸಲ ಡಾಕ್ಟರ್ ಹತ್ತಿರ ಹೋಗುವಾಗ "ಸುಸ್ತು" ಅಂತ ಒಂದೇ ಮಾತು ಹೇಳಬೇಡಿ. ಅದರಿಂದ ಅವರಿಗೆ ಏನೂ ತಿಳಿಯುವುದಿಲ್ಲ. ಏನು ಮಾಡಲು ಆಗುತ್ತಿತ್ತು, ಈಗ ಏನು ಆಗುತ್ತಿಲ್ಲ ಅಂತ ಹೇಳಿ. ಚಿಕ್ಕಮ್ಮ ಒಂದು ಸಣ್ಣ ನೋಟ್‌ಬುಕ್ ಇಟ್ಟಿದ್ದಾರೆ. ಅದರ ಒಂದು ಪುಟದಲ್ಲಿ ಹೀಗಿದೆ: "ಸೋಮವಾರ. ರಾತ್ರಿ ಮೂರು ಸಲ ಎದ್ದೆ, ಕಾಲು. ಬೆಳಗ್ಗೆ ಹತ್ತರವರೆಗೆ ಚೆನ್ನಾಗಿದ್ದೆ. ಬಟ್ಟೆ ಎಲ್ಲ ಮಡಚಿದೆ, ಎರಡು ಸಲ ಕೂತೆ." ಡಾಕ್ಟರ್ ಆ ಪುಟವನ್ನು ಎರಡು ಸಲ ಓದಿದರು. ಆಮೇಲೆ ಮೊದಲು ಕೇಳಿದ್ದು ಕಾಲಿನ ಬಗ್ಗೆ.